ಎಪ್ಪತ್ತೆಂಟು ಅಂಕದ ಹೆಡ್‌ಮೇಡಂ

ರೋಗಿ ಕೇಳಿದರೆ ಸಾಕು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು ಲೆಕ್ಕದ ಡಾಕ್ಟರ ಚಾಳಿ. ಆ ದಿನದ ಫಜೀತಿ ಶುರುವಾದದ್ದೂ ಅದರಿಂದಲೇ.

ಪಕ್ಕೆಯಲ್ಲಿ ಬೆರಳು ತೂರುವಷ್ಟು ತೂತು ಮಾಡಿ, ಕ್ಯಾಮೆರಾ ಇಳಿಸಿ ಶ್ವಾಸಕೋಶದ ಗಡ್ಡೆ ತೆಗೆದ ಮೇಲೆ ಯಾರಿಗೆ ಸೋಂಕು ತಗಲಬಹುದೆಂದು ಮೊದಲೇ ಹೇಳುವ ಸೂತ್ರವೊಂದನ್ನು ಅವರು ಕಟ್ಟಿದ್ದರು. ವಯಸ್ಸು, ಸಕ್ಕರೆ ಕಾಯಿಲೆ, ಉಸಿರಿನ ಬಲ, ಆಪರೇಷನ್ನಿಗೆ ಹಿಡಿದ ಹೊತ್ತು ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿದರೆ ನೂರಕ್ಕೆ ಇಷ್ಟೆಂದು ಅಂಕ ಬರುತ್ತಿತ್ತು.

"ಈ ವಾರ ನಿಮ್ಮ ಸೂತ್ರ ನಿಜವಾದ್ರೆ ಇಡೀ ಆಸ್ಪತ್ರೆಗೆ ಅದೇ. ಸುಳ್ಳಾದ್ರೆ ಕಟ್ಟಿಡಿ" ಎಂದಿದ್ದರು ದೊಡ್ಡ ಡಾಕ್ಟರು.

ಆಪರೇಷನ್ನಿನ ಮರುದಿನ ನಿವೃತ್ತ ಹೆಡ್‌ಮೇಡಂ ಮಲಗಿದ್ದಲ್ಲಿಂದಲೇ ಕೇಳಿದರು. "ಏನಪ್ಪಾ, ಅಂಕ ಹಾಕ್ತಿದ್ದೀಯಂತೆ. ನಂದೆಷ್ಟು?"

"ಎಪ್ಪತ್ತೆಂಟು, ಮೇಡಂ."

"ನೋಡಿದ್ರೇನ್ರೇ! ಈ ವಯಸ್ಸಲ್ಲೂ ಡಿಸ್ಟಿಂಕ್ಷನ್!"

ವಾರ್ಡಿನವರೆಲ್ಲ ಚಪ್ಪಾಳೆ ತಟ್ಟಿದರು. ಹನ್ನೆರಡು ಅಂಕದ ಟೈಲರಮ್ಮ ಮಾತ್ರ ಗೋಡೆಯತ್ತ ಹೊರಳಿ, "ಸ್ಕೂಲಲ್ಲೂ ನಂದಿಷ್ಟೇ ಬಿಡಿ" ಎಂದಳು.

ಲೆಕ್ಕದ ಡಾಕ್ಟರು ಸುಮ್ಮನಿರಬಹುದಿತ್ತು. "ಇಲ್ಲಿ ಕಮ್ಮಿ ಬಂದಷ್ಟೂ ಒಳ್ಳೇದು, ಮೇಡಂ. ಜಾಸ್ತಿ ಅಂದ್ರೆ ಸೋಂಕಿನ ಸಂಭವ ಜಾಸ್ತಿ."

ಟೈಲರಮ್ಮ ಇಸ್ತ್ರಿ ಹಾಕಿದ ಅಂಗಿಯಂತೆ ನೆಟ್ಟಗಾದಳು.

"ಅಂದ್ರೆ ನಾನು ಫೇಲಾ?" ಇಡೀ ಆಟದ ಮೈದಾನವನ್ನೇ ಗಪ್‌ಚುಪ್ ಮಾಡಿದ್ದ ಗಂಟಲು ಅದು.

"ಫೇಲಲ್ಲ, ಬರೀ ಸಂಭವ..."

"ಆ ಸಂಭವಾನ ನಾನು ನೋಡ್ಕೋತೀನಿ. ಏಳಿಸ್ರೇ ನನ್ನ!"

ಅಲ್ಲಿಂದ ವಾರ್ಡು ಪರೀಕ್ಷೆಯ ಹಿಂದಿನ ದಿನದ ಶಾಲೆಯಾಯಿತು. ಹೆಡ್‌ಮೇಡಂ ಶ್ವಾಸಕೋಶ ಹಿಗ್ಗಲೆಂದು ಕೊಟ್ಟಿದ್ದ ಪ್ಲಾಸ್ಟಿಕ್ ಡಬ್ಬಿಯ ಕೊಳವೆಯಿಂದ ಉಸಿರೆಳೆದು ಅದರೊಳಗಿನ ಚೆಂಡುಗಳನ್ನು ಮೇಲೇರಿಸಿದರು. ಕಫ ಹೊರಬರಲೆಂದು ದಿಂಬನ್ನು ಎದೆಗೊತ್ತಿ ಕೆಮ್ಮಿದರು. ಎದೆಯಿಂದ ನೀರಿಳಿಯುವ ಬಾಟಲಿಯನ್ನು ವ್ಯಾನಿಟಿ ಬ್ಯಾಗಿನಂತೆ ಹಿಡಿದು ಕಾರಿಡಾರಿನುದ್ದ ನಡೆದರು. ಎದುರು ಹಾಸಿಗೆಯ ಬಸ್ ಕಂಡಕ್ಟರಮ್ಮ, "ರೈಟ್, ರೈಟ್! ಡಾಕ್ಟ್ರೇ, ಅಡ್ಡ ನಿಲ್ಬೇಡಿ!" ಎಂದು ದಾರಿ ಬಿಡಿಸಿದಳು.

ಚೆಂಡು ಏರಿದಂತೆಲ್ಲ ಸೂತ್ರದ ಮಾನ ಇಳಿಯುತ್ತಿತ್ತು. ಲೆಕ್ಕದ ಡಾಕ್ಟರು ಮೇಡಂ ಹಣೆ ಮುಟ್ಟಿ ನೋಡಿದರು. ತಣ್ಣಗಿತ್ತು. ಸಂತೋಷವಾಯಿತು. ಹಿಂದೆಯೇ, ಒಂಚೂರು ಬಿಸಿಯಿದ್ದಿದ್ದರೆ ಸೂತ್ರ ಉಳಿಯುತ್ತಿತ್ತಲ್ಲ ಎನಿಸಿತು. "ಥೂ, ಎಂಥ ಮನುಷ್ಯ ನಾನು!" ಎಂದು ತಮಗೇ ಬೈದುಕೊಂಡು, ಅವರ ದಾರಿಗೆ ಅಡ್ಡವಿದ್ದ ಕುರ್ಚಿಯನ್ನು ತಾವೇ ಎಳೆದು ಬದಿಗಿಟ್ಟರು.

ವಾರ ಮುಗಿಯಿತು. ಎಕ್ಸ್‌ರೇ ತೊಳೆದಿಟ್ಟಷ್ಟು ಶುಭ್ರ. ಜ್ವರದ ಸುಳಿವಿಲ್ಲ. ದೊಡ್ಡ ಡಾಕ್ಟರ ಕರೆ ಬಂತು.

"ಸೂತ್ರ ತಪ್ಪಲ್ಲ, ಸರ್" ಎಂದರು ಲೆಕ್ಕದ ಡಾಕ್ಟರು. "ನಾನು ಹೇಳಿದ್ದಕ್ಕೇ ಅವರು ಇಷ್ಟೆಲ್ಲ ಮಾಡಿದ್ದು. ಮಾಡಿದ್ದಕ್ಕೇ ಸೋಂಕು ಬರ್ಲಿಲ್ಲ."

ದೊಡ್ಡ ಡಾಕ್ಟರ ಮುಖ ಅರಳಿತು. "ಒಪ್ಪಿದೆ! ಈ ಕಸರತ್ತು ಇಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ಅಂದ್ರೆ ಎಲ್ರಿಗೂ ಮಾಡಿಸೋಣ. ಅಂಕ ಎಷ್ಟಾದ್ರೂ ಬರ್ಲಿ."

"ಹಾಗಾದ್ರೆ ಅಂಕ ಯಾಕೆ, ಸರ್?"

"ಹೌದಲ್ವಾ? ಬೇಡ ಬಿಡಿ. ಆದ್ರೆ ಇದನ್ನೆಲ್ಲ ಮಾಡಿಸೋಕೆ ಗಟ್ಟಿಗರೊಬ್ಬರು ಬೇಕು."

ಲೆಕ್ಕದ ಡಾಕ್ಟರು ಕಾಲರ್ ಸರಿಮಾಡಿಕೊಂಡರು.

"ಹೆಡ್‌ಮೇಡಂನ ಕೇಳಿದೆ. ಗಾಯ ಮಾಗಿದ ತಕ್ಷಣ ಬರ್ತೀನಿ ಅಂದ್ರು. ನೀವು ಅವರ ಕೈಕೆಳಗೆ."

ಬಾಗಿಲಲ್ಲಿ ಮೇಡಂ ಆಗಲೇ ನಿಂತಿದ್ದರು, ಕೈಯಲ್ಲಿ ಚೆಂಡಿನ ಡಬ್ಬಿ.

"ಬಾಪ್ಪಾ. ಗೂನು ಬೆನ್ನು ಮಾಡ್ಬೇಡ. ನೆಟ್ಟಗೆ ನಿಂತು ಉಸಿರೆಳಿ, ನೋಡೋಣ!"