ಅತ್ತೆ ಜರುಗಿಸಿದ ಒಲೆ

ನಮ್ಮ ಅತ್ತೆ ಬಂದು ಹೋದ ಮನೆಗೆ ಕಳ್ಳ ನುಗ್ಗಿದರೆ ಪಾಪ, ಅವನೇ ದಾರಿ ತಪ್ಪುತ್ತಾನೆ! ಅಪ್ಪನ ತಂಗಿ, ಮಗ್ಗೆ ಊರಿನವರು. ಯಾರ ಮನೆಗೆ ಹೋದರೂ ನೀರು ಕುಡಿದ ಲೋಟ ಇಡುವ ನೆಪದಲ್ಲಿ ಅಡುಗೆಮನೆ ಹೊಕ್ಕುಬಿಡುತ್ತಾರೆ. ಸಂಜೆಯೊಳಗೆ ಅಲ್ಲಿನ ಸ್ಟವ್ವು, ಡಬ್ಬಿ, ಒರಳು ಎಲ್ಲಕ್ಕೂ ವರ್ಗಾವಣೆ.

ಅವರದು ಒಂದೇ ವಾದ. "ಅಡುಗೆ ಮಾಡಕ್ಕೆ ಮನಸಿಲ್ಲ ಅಂದ್ರೆ ತಪ್ಪು ಮನಸಿಂದಲ್ಲ ಕಣೋ, ಜಾಗದ್ದು. ದಿನಾ ಗೋಡೆಗೆ ಮುಖ ಮಾಡಿ ನಿಂತ್ಕೊಳಕ್ಕೆ ನಾವೇನು ಮಗ್ಗಿ ತಪ್ಪಿದ ಮಕ್ಕಳಾ?"

ಅವರ ಮನೆಯಲ್ಲೇ ಒಲೆಗೆ ನೆಲೆಯಿಲ್ಲ. ಕಾಫಿ ಕೊಯ್ಲಿನಲ್ಲಿ ಕಣದ ಪಕ್ಕ, ಹಣ್ಣು ಹರಡುವ ಹೆಂಗಸರ ಜೊತೆ ಮಾತಾಡಲಿಕ್ಕೆ. ಬೇಸಿಗೆಯಲ್ಲಿ ಮುಂದಿನ ಜಗಲಿಗೆ. ತಮ್ಮ ಮಗಳನ್ನು ನೋಡಲು ಗಂಡಿನವರು ಬಂದ ದಿನವೂ ಬಾಗಿಲಲ್ಲೇ ಕಡುಬು ಬೇಯುತ್ತಿತ್ತು. ಬೀಗರಾಗಬೇಕಾದವರು ಪಂಚೆ ಎತ್ತಿಕಟ್ಟಿ ಒಲೆ ದಾಟಿದರು. ಸಂಬಂಧ ಕುದುರಿತು ಅನ್ನಿ. ಬೇಡ ಅನ್ನೋಣವೆಂದರೆ ಅವರ ಬಾಯಿ ಖಾಲಿ ಇರಬೇಕಲ್ಲ!

ಕೆ. ಹೊಸಕೋಟೆಯಲ್ಲಿ ನನ್ನ ಚಿಕ್ಕಪ್ಪ ಹೊಸ ಮನೆ ಕಟ್ಟಿ, ಅಡುಗೆಮನೆ ತುಂಬ ಹೊಳೆಯುವ ಬಾಗಿಲಿನ ಕಪಾಟು ಮಾಡಿಸಿದ್ದರು. ಅತ್ತೆ ಸ್ಕ್ರೂಡ್ರೈವರ್ ಹಿಡಿದು ಅಷ್ಟೂ ಬಾಗಿಲು ಬಿಚ್ಚಿದರು.

"ಒಳಗೆ ಕೂತಿರೋ ಅಕ್ಕಿಹಿಟ್ಟು ನನ್ನ ರೊಟ್ಟಿ ತಟ್ಟು ಅಂತ ಕೂಗ್ತದಾ? ಕಣ್ಣಿಗೆ ಕಂಡ್ರೆ ತಾನೆ ಮಾಡಬೇಕು ಅನ್ಸೋದು."

ಚಿಕ್ಕಮ್ಮ ಬಹಳ ದಿನ ಮಾತು ಬಿಟ್ಟಿದ್ದರು. ಆದರೆ ಆ ಮನೆಯಲ್ಲಿ ಬೆಳಗ್ಗೆ ರೊಟ್ಟಿ ತಟ್ಟುವ ಸದ್ದು ಶುರುವಾದದ್ದು ಆಮೇಲೆಯೇ. ಕಪಾಟಿನ ಬಾಗಿಲುಗಳು ಈಗ ಹಿತ್ತಲಲ್ಲಿ ಕೋಳಿಗೂಡಾಗಿವೆ.

ಇಂಥ ಅತ್ತೆ ನನ್ನ ಹೆಂಡತಿ ತೀರಿಹೋದ ಮೇಲೆ ಒಂದು ದಿನ ಆಲೂರಿನ ನಮ್ಮ ಮನೆಗೂ ಬಂದರು. ಆಗ ನಾನೂ ಮಗಳೂ ಹೋಟೆಲಿನ ಪಾರ್ಸೆಲ್ ತಿಂದುಕೊಂಡಿದ್ದೆವು. ಮಗಳು ಸೊರಗುತ್ತಿದ್ದಳು, ನನಗೆ ಕಾಣುತ್ತಿತ್ತು. ಆದರೂ ಅವಳ ಅಮ್ಮ ಜೋಡಿಸಿಟ್ಟ ಆ ಅಡುಗೆಮನೆಗೆ ಕಾಲಿಡಲು ನನ್ನಿಂದ ಆಗುತ್ತಿರಲಿಲ್ಲ. ಅತ್ತೆ ಆ ಕಡೆ ತಿರುಗಿದ್ದೇ ತಡ, ಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಅತ್ತೆ, ಇಲ್ಲಿ ಮಾತ್ರ ಏನೂ ಮುಟ್ಟಬೇಡಿ."

ಅತ್ತೆ ನನ್ನನ್ನೇ ನೋಡಿದರು. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು. "ಆಯ್ತು ಮಾರಾಯ. ಸ್ಟವ್ವು, ಸಿಲಿಂಡರ್ ಆದ್ರೂ ಮುಟ್ಬೋದಾ?"

ಎರಡನ್ನೂ ಹಿತ್ತಲ ಜಗಲಿಗೆ ಎಳೆದು, ಹಳೇ ಮೇಜಿನ ಮೇಲೆ ಸ್ಟವ್ ಇಟ್ಟು ನನ್ನನ್ನು ಎದುರಿಗೆ ನಿಲ್ಲಿಸಿದರು. ಮುಂದೆ ಪಕ್ಕದ ಮನೆಯ ಸೀಬೆಮರ, ಅದರಾಚೆ ಬಸ್ಸು ಹೋಗುವ ರಸ್ತೆ, ಎಳೆಬಿಸಿಲು.

"ಹ್ಞೂಂ, ಉಪ್ಪಿಟ್ಟು ಮಾಡು."

ಬೇಕಾದ್ದನ್ನೆಲ್ಲ ಒಳಗಿಂದ ಅವರೇ ತಂದುಕೊಟ್ಟರು. ಪ್ರತಿ ಸಲವೂ ಮಗಳನ್ನು ಕೇಳುವರು: "ನಿಮ್ಮಮ್ಮ ಇದನ್ನ ಎಲ್ಲಿ ಇಡ್ತಿದ್ಲವ್ವಾ?" ಕೆಲಸ ಮುಗಿದೊಡನೆ ಡಬ್ಬಿ ಒರೆಸಿ, ಅದೇ ಜಾಗದಲ್ಲಿ, ಅದೇ ಮುಖವಾಗಿ ಇಟ್ಟು ಬರುವರು. ಊರವರ ಅಡುಗೆಮನೆಯನ್ನೆಲ್ಲ ಬುಡಮೇಲು ಮಾಡಿದ ಕೈ ಅದು!

ಉಪ್ಪಿಟ್ಟು ಗಂಟು ಗಂಟಾಗಿತ್ತು. ಮಗಳು ಎರಡು ಸಲ ಹಾಕಿಸಿಕೊಂಡಳು. ನನಗೆ ಅಳು ತಡೆಯಲಾಗಲಿಲ್ಲ. "ನಮ್ಮನ್ನು ಉಳಿಸಿಬಿಟ್ಟಿರಿ ಅತ್ತೆ" ಅಂದೆ.

"ನಾನೇನ್ ಮಾಡ್ದೆ? ಒಲೆ ಈಚೆಗಿಟ್ಟೆ ಅಷ್ಟೇ" ಅನ್ನುತ್ತಾ ಬಸ್ಸಿಗೆ ಹೊರಟರು.

ಮಾರನೆಯ ಬೆಳಗ್ಗೆ ಜಗಲಿಯಲ್ಲಿ ಎಣ್ಣೆ ಕಾಯಲಿಟ್ಟೆ. ಒಗ್ಗರಣೆಗೆ ಸಾಸಿವೆ ಬೇಕಿತ್ತು. ಮಗಳು ಇನ್ನೂ ಎದ್ದಿರಲಿಲ್ಲ. ನಾನೇ ಒಳಗೆ ಹೋದೆ, ಅವಳ ಅಮ್ಮ ಇಟ್ಟ ಕಡೆಯೇ ಇತ್ತು, ತೆಗೆದುಕೊಂಡು ಬಂದೆ.