ಕೆಂಪಿಯ ಬಾಣಂತನ

ಮೇಕೆಯ ಹೆರಿಗೆ ಎಂದರೆ ಮಹಾ ಏನು ಎಂದುಕೊಂಡಿದ್ದವನು ನಾನು. ನಮ್ಮ ಹೊಲದ ಮನೆಯ ಪಕ್ಕದ ಶೆಡ್ಡಿನಲ್ಲಿ ಹಾಲಿನ ಮೇಕೆಗಳನ್ನು ಸಾಕುವವಳು ನನ್ನ ಹೆಂಡತಿ ಗಿರಿಜಾ. ಮೇಯಿಸುವುದು, ಕರೆಯುವುದು, ಸವಳಂಗಕ್ಕೆ ಹಾಲು ಕಳಿಸುವುದು ಎಲ್ಲವೂ ಅವಳದೇ. ನನ್ನ ಇಲಾಖೆ ಸಲಹೆ ಕೊಡುವುದು. ಅದನ್ನು ನಾನು ಯಾರೂ ಕೇಳದಿದ್ದರೂ ನಿಷ್ಠೆಯಿಂದ ನಿರ್ವಹಿಸುತ್ತಿದ್ದೆ.

ಜಗಳೂರಿನಲ್ಲಿರುವ ಅವಳ ಅಕ್ಕ ಕಾಲು ಮುರಿದುಕೊಂಡ ಸುದ್ದಿ ಬಂದಾಗ ಗಿರಿಜಾ ಬ್ಯಾಗು ತುಂಬಿಕೊಂಡು ಶೆಡ್ಡಿನ ಮುಂದೆ ನಿಂತುಬಿಟ್ಟಳು.

"ಕೆಂಪಿ ಇವತ್ತೋ ನಾಳೆನೋ ಹೆರಂಗೈತೆ. ಚೊಚ್ಚಲು ಬ್ಯಾರೆ. ಹೆಂಗೆ ಬಿಟ್ಟು ಹೋಗ್ಲಿ?"

"ನೀನು ಹೋಗು ಮಾರಾಯ್ತಿ. ಮೊಬೈಲಿನಾಗೆ ಎಲ್ಲಾ ನೋಡ್ಕಂಡೀನಿ."

"ನೋಡ್ರಿ, ಬ್ಯಾಡ ಅನ್ನಲ್ಲ. ಆದ್ರೆ ಕೈ ಹಾಕಬ್ಯಾಡ್ರಿ. ಅದು ಅದರ ಪಾಡಿಗೆ ಮಾಡ್ಕಂತೈತೆ."

ಗಂಡನ ಸಾಮರ್ಥ್ಯದ ಬಗ್ಗೆ ಎಂಥ ಅಪನಂಬಿಕೆ! ನನಗೆ ನಿಜಕ್ಕೂ ಬೇಸರವಾಯಿತು.

ಮಾರನೆಯ ಬೆಳಿಗ್ಗೆಯೇ ಕೆಂಪಿಗೆ ನೋವು ಶುರುವಾಯಿತು. ನಾನು ಹೆರಿಗೆ ವಿಭಾಗದ ಮುಖ್ಯಸ್ಥನಂತೆ ತೋಳು ಮಡಚಿಕೊಂಡು ಕೂತೆ. ಅವ್ವ ಬಾಗಿಲಲ್ಲಿ ನಿಂತು ಶಿವಶಿವಾ ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮರಿ ಜಾರಿ ಹುಲ್ಲಿನ ಮೇಲೆ ಬಿತ್ತು. ಬಿಳಿಯ ಹೆಣ್ಣುಮರಿ, ಕಿವಿ ಮಾತ್ರ ಕಪ್ಪು. ಕೆಂಪಿ ತಿರುಗಿ ನೋಡುವಷ್ಟರಲ್ಲಿ ನಾನು ಅದನ್ನು ಎತ್ತಿಕೊಂಡು ಹೆಗಲ ಟವೆಲಿನಿಂದ ಒರೆಸಿ, ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡೆ. ಹೆತ್ತಿದ್ದು ಕೆಂಪಿಯಾದರೂ ಕೀರ್ತಿ ನನ್ನದೇ ಎನಿಸಿತು.

ಅವ್ವನ ವಿಷಯ ಇಲ್ಲಿ ಹೇಳಬೇಕು. ನಮ್ಮ ಊರಿನ ಅರ್ಧ ಜನ ಕೂಸಾಗಿದ್ದಾಗ ಅವ್ವನ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಂಡವರು. ಈಗೀಗ ಯಾರೂ ಕರೆಯುವುದಿಲ್ಲ. ಲೋಳೆ ಮೆತ್ತಿಕೊಂಡು ನಡುಗುವ ಮರಿಯನ್ನು ನೋಡಿ ಅವಳ ಕೈ ಕಡಿಯತೊಡಗಿತು.

"ಹಿಂಗೇ ಬಿಡಾಕೆ ಆಗ್ತೈತೇನಪ್ಪಾ? ಕೂಸು ಅಂದ್ರೆ ಕೂಸೇ. ಬಿಸಿನೀರು ತಗಂಡು ಬಾ."

ನಾನು ಹಂಡೆಯಿಂದ ನೀರು ತಂದೆ. ಅವ್ವ ಬಚ್ಚಲಲ್ಲಿ ಕಾಲು ಚಾಚಿ ಕೂತು ಮರಿಗೆ ಎಣ್ಣೆ ಸವರಿ, ಕಡಲೆಹಿಟ್ಟು ಹಚ್ಚಿ, ಮೂಗು ತಿದ್ದಿ ನೀರೆರೆದಳು. ಆಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಬುಟ್ಟಿ ಮುಚ್ಚಿ ಹೊಗೆ ಹಿಡಿದಳು. ಕೊನೆಗೆ ಹಣೆಗೆ ವಿಭೂತಿ! ಆ ಮರಿ ನಮ್ಮ ಮನೆಯ ಎಲ್ಲರಿಗಿಂತ ಮಡಿಯಾಗಿತ್ತು.

ಅಷ್ಟರಲ್ಲಿ ಶೆಡ್ಡಿನಲ್ಲಿ ಕೆಂಪಿ ಇನ್ನೊಂದು ಮರಿ ಹಾಕಿ, ತಾನೇ ನೆಕ್ಕಿ, ಹಾಲು ಕುಡಿಸಿಯೂ ಆಗಿತ್ತು. ಆ ಗಂಡುಮರಿಗೆ ನಮ್ಮ ಸೇವೆ ಸಿಗಲಿಲ್ಲವಲ್ಲ ಎಂದು ಅವ್ವ ಮರುಗಿದಳು. ಮರುಗುತ್ತಲೇ ಚೆಂಬು ತಂದು, "ಗಿಣ್ಣು ಕಾಯಿಸಾನ, ಕರಿ" ಎಂದಳು. ಹಸು ಈದರೆ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡುವುದಿಲ್ಲವೇ? ಮೇಕೆ ಏನು ಪಾಪ ಮಾಡಿದೆ? ನಾನು ಕೆಚ್ಚಲು ಬರಿದಾಗುವ ತನಕ ಕರೆದೆ. ಕೆಂಪಿ ಅಲುಗಾಡದೆ ನಿಂತು ನನ್ನ ಹೆಗಲಿನ ಟವೆಲನ್ನು ನೆಕ್ಕುತ್ತಿತ್ತು. ಮೂಕಪ್ರಾಣಿಯ ಕೃತಜ್ಞತೆಗೆ ನನ್ನ ಕಣ್ಣು ತುಂಬಿ ಬಂತು.

ಒಲೆಯ ಮೇಲೆ ಗಿಣ್ಣು ಇಟ್ಟು, ವಿಭೂತಿ ಹಚ್ಚಿದ ಮರಿಯನ್ನು ತಾಯಿಯ ಮುಂದೆ ಬಿಟ್ಟೆ. ಕೆಂಪಿ ಮೂಸಿತು. ಸೀನಿತು. ಮತ್ತೆ ಮೂಸಿ, ತಲೆ ತಗ್ಗಿಸಿ ಗುದ್ದಿತು! ಮರಿ ಉರುಳಿ ಗೋಡೆಗೆ ಬಿತ್ತು. ಎಷ್ಟು ಸಲ ತಂದು ಬಿಟ್ಟರೂ ಅದೇ ಗುದ್ದು. ಗುದ್ದಿ ಬಂದು ನನ್ನ ಟವೆಲು ನೆಕ್ಕುವುದು.

ಹೆದರಿ ಗಿರಿಜಾಳಿಗೆ ಫೋನು ಮಾಡಿದೆ.

"ಮರಿನ ತೊಳದ್ರಾ?" ಎಂದಳು.

"ತೊಳದ್ವಿ. ಸಾಂಬ್ರಾಣಿನೂ ಹಾಕಿದ್ವಿ."

ಆ ಕಡೆ ಅವಳ ಅಕ್ಕ ಏನಾಯ್ತೆಂದು ಕೇಳುತ್ತಿರುವುದು ಕೇಳಿಸಿತು.

"ವಾಸನೆ ಹೋದ್ರೆ ತಾಯಿಗೆ ಗುರುತು ಹೆಂಗ್ರೀ ಸಿಗ್ಬೇಕು? ಹೋಗ್ಲಿ, ಗಿಣ್ಣುಹಾಲನ್ನ ಕರದು ಬಾಟ್ಲಿನಾಗೆ ಕುಡಿಸ್ರಿ. ಮೊದಲನೇ ಹಾಲು ಹೊಟ್ಟೆಗೆ ಹೋಗಲಿಲ್ಲ ಅಂದ್ರೆ ಉಳಿಯಲ್ಲ ಅದು."

"ಗಿಣ್ಣುಹಾಲು... ಒಲೆ ಮೇಲೈತೆ. ಬೆಲ್ಲ ಹಾಕೀವಿ."

"ಬಸ್ ಹತ್ತತೀನಿ" ಎಂದು ಇಟ್ಟುಬಿಟ್ಟಳು.

ಗಿಣ್ಣು ಚೆನ್ನಾಗಿ ಗಟ್ಟಿಯಾಗಿತ್ತು. ಅವ್ವ ಅದನ್ನು ನೋಡಿದಳು, ಮರಿಯನ್ನು ನೋಡಿದಳು, ಪಾತ್ರೆ ಇಳಿಸಿ ಮುಚ್ಚಿಟ್ಟಳು. ನಾನು ಕೆಂಪಿಯ ಕಾಲು ಹಿಡಿದು ಮತ್ತೆ ಕರೆದರೆ ನಾಲ್ಕು ಹನಿ ಬಂತು. ಅದನ್ನೇ ಬೆರಳಿನಿಂದ ಮರಿಯ ಬಾಯಿಗೆ ಹಚ್ಚಿದೆವು. ಚೀಪುವ ಶಕ್ತಿ ಅದಕ್ಕಿರಲಿಲ್ಲ. ಒದ್ದೆ ಇನ್ನೂ ಕೂದಲ ಬುಡದಲ್ಲಿತ್ತು, ಮೈ ತಣ್ಣಗಾಗುತ್ತಿತ್ತು. ಅವ್ವ ಸೆರಗಿನಲ್ಲಿ ಸುತ್ತಿಕೊಂಡು ಒಲೆ ಮುಂದೆ ಕೂತವಳು ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

"ಎಷ್ಟು ಕೂಸು ಎರದೀನೋ ನಾನು. ಒಂದಕ್ಕೂ ಹಿಂಗಾಗಿರ್ಲಿಲ್ಲ" ಎಂದಳು. ನನಗೆ ಹೇಳಿದಳೋ ಒಲೆಗೋ ಗೊತ್ತಾಗಲಿಲ್ಲ.

ಗಿರಿಜಾ ದಾವಣಗೆರೆ, ಹೊನ್ನಾಳಿ ಎಂದು ಬಸ್ಸು ಬದಲಿಸುತ್ತಾ ಸಂಜೆ ಬಂದು ಮುಟ್ಟಿದಳು. ಬ್ಯಾಗನ್ನೂ ಇಳಿಸದೆ ಶೆಡ್ಡಿಗೆ ಬಂದಳು. ಕೆಂಪಿ ಆಗಲೂ ನನ್ನನ್ನು ನೆಕ್ಕುತ್ತಿತ್ತು.

"ಬೆಳಿಗ್ಗೆಯಿಂದ ಇದೇ ಪ್ರೀತಿ" ಎಂದೆ.

"ಪ್ರೀತಿಯಲ್ಲ ಅದು. ಆ ಟವೆಲಿನಾಗೆ ಮರಿ ವಾಸನೆ ಐತೆ. ನಿಮ್ಮನ್ನೇ ಮರಿ ಅಂದ್ಕಂಡೈತೆ!"

ತಾಯಿ ತನ್ನ ಮರಿಯನ್ನು ಒಪ್ಪಿಕೊಂಡೇ ಇತ್ತು. ಆ ಮರಿಗೆ ಐವತ್ತು ದಾಟಿತ್ತು, ಅಷ್ಟೇ.

ಗಿರಿಜಾ ಟವೆಲನ್ನು ಕಿತ್ತುಕೊಂಡು, ಅವ್ವ ಸೆರಗಿನಲ್ಲಿ ಸುತ್ತಿ ತಂದ ಬಿಳಿಮರಿಯ ಮೈಯೆಲ್ಲ ಉಜ್ಜಿ ಕೆಂಪಿಯ ಮುಂದೆ ಮಲಗಿಸಿದಳು. ಕೆಂಪಿ ಮೂಸಿತು. ಈ ಸಲ ಗುದ್ದಲಿಲ್ಲ. ಗಂಟಲೊಳಗೆ ಸಣ್ಣ ದನಿ ತೆಗೆದು ನೆಕ್ಕತೊಡಗಿತು, ಹಣೆಯ ವಿಭೂತಿಯನ್ನೂ ನೆಕ್ಕಿತು. ಮರಿ ಒಮ್ಮೆ ಕಿವಿ ಅಲ್ಲಾಡಿಸಿತು. ನಮಗೆ ಮೂವರಿಗೂ ಜೀವ ಬಂತು. ಆದರೆ ಅದಕ್ಕೆ ಬರಲಿಲ್ಲ. ನೆಕ್ಕಿಸಿಕೊಳ್ಳುತ್ತಲೇ ಅದು ಹೋಯಿತು. ಅದು ತಿಳಿಯದೆ ಕೆಂಪಿ ನೆಕ್ಕುತ್ತಲೇ ಇತ್ತು. ಕೊನೆಗೆ ಅದರ ಬಾಯಿಂದ ಮರಿಯನ್ನು ಎತ್ತಿಕೊಂಡು ಹೋಗಿ ಬೇಲಿಯ ಬದಿಗೆ ಮಣ್ಣು ಮಾಡಿದವನೂ ನಾನೇ. ಕೆಂಪಿ ಕೂಗುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಗಿರಿಜಾ ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಇದೆಲ್ಲ ಹೋದ ವರ್ಷದ ಮಾತು. ಕೆಂಪಿ ಮತ್ತೆ ಗಬ್ಬವಾಗಿತ್ತು. ಇವತ್ತು ಬೆಳಿಗ್ಗೆ ಅದು ನೆಲ ಕೆರೆಯಲು ಶುರುಮಾಡಿದ ಕೂಡಲೇ ಗಿರಿಜಾ ನನಗೆ ಇಸ್ತ್ರಿ ಮಾಡಿದ ಅಂಗಿ ಕೊಟ್ಟು, ಹೊನ್ನಾಳಿಗೆ ಹೋಗಿ ಬರಬೇಕು ಎಂದಳು.

"ಏನು ತರಬೇಕು?" ಎಂದೆ.

"ಏನೂ ತರಬ್ಯಾಡ್ರಿ. ನಾನು ಫೋನ್ ಮಾಡೋ ತನಕ ಅಲ್ಲೇ ಇರ್ರಿ, ಸಾಕು."

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಈಗಷ್ಟೇ ಫೋನು ಬಂತು. ಒಂದೇ ಮರಿಯಂತೆ, ಹೆಣ್ಣು. ತಾಯಿ ನೆಕ್ಕುತ್ತಿದೆಯಂತೆ, ಮರಿ ಎದ್ದು ನಿಂತು ಹಾಲನ್ನೂ ಕುಡಿಯಿತಂತೆ.

"ಹಂಗಾದ್ರೆ ಬರ್ಲಾ?" ಎಂದೆ.

"ನಾಳೆ ಬರ್ರಿ" ಎಂದಳು.