ಕೊನೇ ಪುಟದಿಂದ ಪುಸ್ತಕ ತೆರೆಯುವವರು

ಕಥೆಯ ಕೊನೆ ಏನಾಯಿತು ಅನ್ನೋದು ಬೇರೆಯವರಿಗೆ ಓದಿ ಮುಗಿಸಿದ ಮೇಲೆ ಗೊತ್ತಾಗುತ್ತದೆ. ನನಗೆ ಮಾತ್ರ ಅದನ್ನು ಯಾರಾದರೂ ಬಂದು ಹೇಳಿ ಹೋಗುತ್ತಾರೆ. ಒಂದು ಸಲ ಆದರೆ ಗ್ರಹಚಾರ ಅನ್ನಬಹುದು. ಹತ್ತೊಂಬತ್ತು ಸಲ ಆದ ಮೇಲೆ ಇದು ನನ್ನ ಜಾತಕದಲ್ಲೇ ಬರೆದಿದೆ ಅಂತ ಒಪ್ಪಿಕೊಂಡೆ.

ನಾನು ಸರ್ಕಾರಿ ಸರ್ವೆಯರ್. ಮನೆ ತುಮಕೂರಿನಲ್ಲಿ, ಕೆಲಸ ಮೊದಲು ಕುಣಿಗಲ್, ಈಗ ಗುಬ್ಬಿ. ಇಪ್ಪತ್ತಾರು ವರ್ಷದಿಂದ ಅಣ್ಣತಮ್ಮಂದಿರ ನಡುವೆ ಟೇಪು ಹಿಡಿದು ನಿಂತಿದ್ದೇನೆ. ಅಳೆಯುತ್ತೇನೆ, ತಕರಾರು ಬರುತ್ತದೆ. ಮತ್ತೆ ಅಳೆಯುತ್ತೇನೆ, ಅಪೀಲು ಹೋಗುತ್ತದೆ. ಕೈ ಹಾಕಿದ ಒಂದು ಕೆಲಸವಾದರೂ ಶುರುವಾಗಿ ನನ್ನ ಕಣ್ಣೆದುರು ಮುಗಿದದ್ದಿಲ್ಲ. ಅದಕ್ಕೇ ನನಗೆ ಒಂದೇ ಒಂದು ಸಣ್ಣ ಆಸೆ. ಒಂದು ಕಥೆಯನ್ನಾದರೂ ಮೊದಲಿನಿಂದ ಓದಿ, ಅದರ ಕೊನೇ ಪುಟಕ್ಕೆ ನಾನೇ ಮೊದಲು ತಲುಪಬೇಕು.

ಇಂಥ ಆಸೆ ಇಟ್ಟುಕೊಂಡವನು ಕಾದಂಬರಿ ಓದಬೇಕಿತ್ತು. ನಾನು ಹೋಗಿ ಬಿದ್ದದ್ದು ಮಾಂಗಾಕ್ಕೆ, ಅಂದರೆ ಜಪಾನಿನ ಚಿತ್ರಕಥೆಗಳಿಗೆ. ಇವನ್ನು ಬಲದಿಂದ ಎಡಕ್ಕೆ ಓದಬೇಕು. ನಾವು ಹಿಂದಿನ ರಟ್ಟು ಅನ್ನುತ್ತೇವಲ್ಲ, ಅಲ್ಲಿ ಕಥೆ ಶುರು. ನಾವು ಮೊದಲ ಪುಟ ಅಂದುಕೊಳ್ಳುವುದು ಅದರ ಕೊನೇ ಪುಟ. ನನ್ನ ಕಷ್ಟಕ್ಕೆಲ್ಲ ಇದೊಂದೇ ಮೂಲ.

ಕಾಲು ಮುರಿದಾಗ

ಕುಣಿಗಲ್‌ನಲ್ಲಿದ್ದಾಗ ಮಾರ್ಕೋನಹಳ್ಳಿ ಕಡೆ ಒಂದು ಗದ್ದೆ ಅಳೆಯುತ್ತಿದ್ದೆ. ನಮ್ಮ ಕೆಲಸದಲ್ಲಿ ಟೇಪು ಎಳೆದುಕೊಂಡು ಹಿಂದೆ ಹಿಂದೆ ನಡೆಯಬೇಕಾಗುತ್ತದೆ. ಹಾಗೇ ನಡೆದು ನಡೆದು ನಾಲೆಗೆ ಬಿದ್ದೆ. ಮೇಲೆತ್ತುವ ಮೊದಲು ಜಮೀನಿನವರು ಎಷ್ಟು ಮೀಟರ್ ಬಂತು ಅಂತ ಕೇಳಿದರು.

ಆರು ವಾರ ಕಾಲಿಗೆ ಪ್ಲಾಸ್ಟರ್. ಮನೆಯಲ್ಲಿ ಬಿದ್ದುಕೊಂಡು ನೋಡಲು ಬಂದವರಿಗೆಲ್ಲ ನಾಲೆಯ ಕಥೆ ಹೇಳಿ ಹೇಳಿ ಸಾಕಾಗಿತ್ತು. ಕಾಲೇಜಿಗೆ ಹೋಗುವ ತಂಗಿಯ ಮಗಳು ಒಂದು ಮಾಂಗಾ ತಂದುಕೊಟ್ಟಳು. ಇಂಗ್ಲಿಷಿನಲ್ಲಿತ್ತು, ಆದರೆ ಮಾತು ಕಡಿಮೆ, ಚಿತ್ರ ಜಾಸ್ತಿ. ನನ್ನ ಇಂಗ್ಲಿಷಿಗೆ ಹೇಳಿ ಮಾಡಿಸಿದಂತಿತ್ತು. ಅದರ ಜಪಾನಿ ಹೆಸರು ನನ್ನ ನಾಲಿಗೆಗೆ ಇವತ್ತಿಗೂ ಬರುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ಹಗ್ಗದ ಕಥೆ ಅನ್ನುತ್ತೇವೆ.

ಸಮುದ್ರದ ಪಕ್ಕದ ಒಂದು ಮೀನುಗಾರರ ಊರು. ಅಲ್ಲೊಂದು ಹಗ್ಗಜಗ್ಗಾಟದ ತಂಡ, ಎಂಟೇ ಜನ. ಒಬ್ಬ ಹೊಟ್ಟೆ ಬಂದ ಪೋಸ್ಟ್‌ಮನ್, ಒಬ್ಬ ಕ್ಷೌರಿಕ, ಐಸ್ ಫ್ಯಾಕ್ಟರಿಯ ಗುಮಾಸ್ತ, ಹೀಗೆ. ನಾನು ಓದಿದಾಗ ಆ ಎಂಟು ಜನ ಮೊದಲು ಕೆಸರಲ್ಲಿ ಬಿದ್ದಿದ್ದರು, ಅಂಗೈಯೆಲ್ಲ ಗಾಯ. ಆಮೇಲೆ ಮೆಲ್ಲಗೆ ಎದ್ದರು. ಗಾಯ ಮಾಯವಾಯಿತು, ಮುಖದಲ್ಲಿ ನಗು ಬಂತು. ಕೊನೆಗೆ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಿದರು. ಮನುಷ್ಯ ಸೋತ ಮೇಲೆ ಹೇಗೆ ಚೇತರಿಸಿಕೊಳ್ಳುತ್ತಾನೆ ಅನ್ನೋದನ್ನು ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂತ ಹುಡುಗಿಗೆ ಹೇಳಿದೆ.

ಅವಳು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ತಿರುಗಿಸಿ ಕೊಟ್ಟಳು. "ಮಾವ, ನೀನು ಉಲ್ಟಾ ಓದಿದೀಯ. ಅವರು ಮೊದಲು ಊಟ ಮಾಡ್ತಾರೆ, ಆಮೇಲೆ ಸೋಲ್ತಾರೆ" ಅಂದಳು.

ಸರಿಯಾದ ಕಡೆಯಿಂದ ಮತ್ತೆ ಓದಿದೆ. ಈಗ ಅದು ನಮ್ಮ ಇಲಾಖೆಯ ಕಥೆಯಂತೆಯೇ ಕಂಡಿತು.

ಮನೆಯವಳ ಉಪಕಾರ

ಅಲ್ಲಿಂದ ಒಂದೊಂದೇ ಭಾಗ ತರಿಸತೊಡಗಿದೆ. ಬೇರೆ ಮಾಂಗಾಗಳೂ ಕಪಾಟಿಗೆ ಬಂದವು. ಮಳೆ ನಿಲ್ಲದ ಊರಲ್ಲಿ ಕೊಡೆ ರಿಪೇರಿ ಮಾಡುವ ಮುದುಕನದ್ದು ಒಂದು. ರೈಲು ನಿಲ್ಲದ ಸ್ಟೇಷನ್ನಿನಲ್ಲಿ ಟೀ ಅಂಗಡಿ ಇಟ್ಟ ಹೆಂಗಸಿನದ್ದು ಇನ್ನೊಂದು. ಎಲ್ಲವೂ ನನಗೆ ಇಷ್ಟವೇ, ಆದರೆ ಜೀವ ಇರುವುದು ಹಗ್ಗದ ಕಥೆಯಲ್ಲಿ. ಇಪ್ಪತ್ತು ಭಾಗಕ್ಕೆ ಮುಗಿಯುತ್ತದೆ ಅಂತ ತಂಗಿಯ ಮಗಳು ಹೇಳಿದ್ದಳು. ಆ ತಂಡ ಒಂದು ಸಲವಾದರೂ ಗೆಲ್ಲುತ್ತದೋ ಇಲ್ಲವೋ ಅನ್ನುವುದು ನನಗೆ ನನ್ನ ಪ್ರಮೋಷನ್ನಿಗಿಂತ ದೊಡ್ಡ ಪ್ರಶ್ನೆಯಾಯಿತು.

ನನ್ನ ಹೆಂಡತಿಗೆ ಪಾರ್ಸಲ್ ಬಂದ ಕೂಡಲೇ ಬಿಚ್ಚಿ ನೋಡುವ ಅಭ್ಯಾಸ. ಹಿಂದೊಮ್ಮೆ ಒಡೆದ ಮಿಕ್ಸಿ ಬಂದಿತ್ತು, ಆವತ್ತಿಂದ ಅವಳು ಯಾರನ್ನೂ ನಂಬುವುದಿಲ್ಲ. ಪುಸ್ತಕವನ್ನೂ ಬಿಚ್ಚುತ್ತಾಳೆ, ಎಲ್ಲರ ಹಾಗೆ ಎಡಗಡೆಯಿಂದ ತೆರೆಯುತ್ತಾಳೆ, ನಾನು ಬಿಸಿಲಲ್ಲಿ ನಿಂತಿರುವಾಗ ಫೋನ್ ಮಾಡುತ್ತಾಳೆ. "ಪುಸ್ತಕ ಬಂತು ಕಣ್ರೀ. ಎಲ್ಲೂ ಹರಿದಿಲ್ಲ. ಈ ಸಲಾನೂ ಸೋತ್ರು."

ಹೇಳಬೇಡ ಅಂತ ಬೇಡಿಕೊಂಡೆ. ಹೇಗೂ ಸೋಲುತ್ತಾರೆ ಅಂತ ಗೊತ್ತಿದ್ದ ಮೇಲೆ ಓದುವುದಾದರೂ ಯಾಕೆ ಅಂತ ಕೇಳಿದಳು. ಜಗಳ ಮುಗಿಯುವುದಿಲ್ಲ ಅಂತ ಗೊತ್ತಿದ್ದೂ ನಾನು ದಿನಾ ಟೇಪು ಹಿಡಿದು ಹೋಗುವುದಿಲ್ಲವೇ ಅಂದೆ. ಆ ಎಂಟು ಜನ ಮತ್ತೆ ಮರುದಿನ ಬಂದು ಹಗ್ಗ ಹಿಡಿಯುತ್ತಾರೆ. ಅದನ್ನು ನೋಡಿದರೆ ನನಗೂ ಬೆಳಿಗ್ಗೆ ಗುಬ್ಬಿ ಬಸ್ಸು ಹತ್ತಲು ಮನಸ್ಸಾಗುತ್ತದೆ. ಈ ಮಾತು ಅವಳ ಮನಸ್ಸಿಗೆ ನಾಟಿರಬೇಕು, ಇನ್ನು ಬಾಯಿ ಬಿಡುವುದಿಲ್ಲ ಅಂತ ಮಾತು ಕೊಟ್ಟಳು.

ಮುಂದಿನ ಭಾಗ ಬಂದ ದಿನ ಫೋನ್ ಮಾಡಿದಳು. ಪುಸ್ತಕದ ಸುದ್ದಿಯನ್ನೇ ಎತ್ತಲಿಲ್ಲ. ಬೇಗ ಬನ್ನಿ, ಪಾಯಸ ಮಾಡಿದ್ದೇನೆ ಅಂದಳು ಅಷ್ಟೇ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಹಬ್ಬವಿಲ್ಲದ ದಿನ ಪಾಯಸ ಮಾಡಿದ್ದು ಎರಡೇ ಸಲ. ಎರಡು ಸಲವೂ ನನಗೆ ಪ್ರಮೋಷನ್ ತಪ್ಪಿತ್ತು.

ಬಸ್ಸಿನಲ್ಲಿ ಸಿಕ್ಕ ಮೇಷ್ಟರು

ಹದಿನಾಲ್ಕನೇ ಭಾಗವನ್ನು ಮನೆಗೆ ತರಿಸದೆ ಆಫೀಸಿಗೆ ತರಿಸಿ, ಓಡಾಡುವಾಗ ಬಸ್ಸಿನಲ್ಲೇ ಓದುತ್ತಿದ್ದೆ. ನಾನು ಪುಟ ಮಗುಚುವುದನ್ನು ನೋಡಿ ಪಕ್ಕದವರು ಅಯ್ಯೋ ಪಾಪ ಅನ್ನುವ ಹಾಗೆ ನೋಡುತ್ತಿದ್ದರು. ಒಬ್ಬರಂತೂ ಪುಸ್ತಕ ತಿರುಗಿಸಿ ನನ್ನ ಕೈಗೆ ಕೊಟ್ಟೇಬಿಟ್ಟರು.

ಒಂದು ದಿನ ಬಿಳಿ ಗಡ್ಡದ ಹಿರಿಯರೊಬ್ಬರು ಪಕ್ಕದಲ್ಲಿ ಕೂತರು. ಉರ್ದು ಶಾಲೆಯಲ್ಲಿ ಮೇಷ್ಟರಾಗಿದ್ದು ರಿಟೈರ್ ಆದವರಂತೆ. ಸ್ವಲ್ಪ ನೋಡಬಹುದಾ ಅಂತ ಕೇಳಿ ಪುಸ್ತಕ ತೆಗೆದುಕೊಂಡರು. ನನಗೆ ಜೀವ ಹಾರಿತು. ಆದರೆ ಅವರು ಯಾವ ಅನುಮಾನವೂ ಇಲ್ಲದೆ ಬಲಗಡೆಯಿಂದ ತೆರೆದು, ಮೊದಲ ಪುಟಕ್ಕೇ ಹೋಗಿ ನಿಂತರು. ಇಡೀ ಜಿಲ್ಲೆಯಲ್ಲಿ ನನ್ನ ಪುಸ್ತಕವನ್ನು ಸರಿಯಾಗಿ ಹಿಡಿದ ಮೊದಲ ಮನುಷ್ಯ. ಕೈ ಮುಗಿಯಬೇಕು ಅನ್ನಿಸಿತು. ಒಟ್ಟಿಗೇ ಓದೋಣ ಅಂತ ನಾನೇ ಪುಸ್ತಕವನ್ನು ಇಬ್ಬರ ನಡುವೆ ಹಿಡಿದೆ.

ಅವರದು ನಲವತ್ತು ವರ್ಷದ ಅಭ್ಯಾಸ, ಕಣ್ಣು ಬಲದಿಂದ ಎಡಕ್ಕೆ ನೀರಿನ ಹಾಗೆ ಹರಿಯುತ್ತಿತ್ತು. ನಾನು ಒಂದು ಚಿತ್ರ ನೋಡುವುದರಲ್ಲಿ ಅವರು ಪುಟ ಮುಗಿಸಿ ನನಗಾಗಿ ಕಾಯುತ್ತಿದ್ದರು. ಕಾದು ಕಾದು ಬೇಸರವಾಗಿ ಪುಸ್ತಕ ಪೂರ್ತಿ ಅವರ ಕೈಗೇ ಹೋಯಿತು. ಮಲ್ಲಸಂದ್ರ ದಾಟುವಷ್ಟರಲ್ಲಿ ಮುಗಿಸಿ, ನನ್ನ ತೊಡೆಯ ಮೇಲಿಟ್ಟು, ತುಂಬ ದುಃಖದಿಂದ ಹೇಳಿದರು. "ಹಗ್ಗಾನೇ ಕಿತ್ತೋಯ್ತಲ್ಲ ಸಾರ್."

ಅರಗಿನ ಮುದ್ರೆ

ಹತ್ತೊಂಬತ್ತನೇ ಭಾಗಕ್ಕೆ ನಾನು ಸರ್ಕಾರಿ ಬುದ್ಧಿ ಉಪಯೋಗಿಸಿದೆ. ಕೊನೆಯ ಹತ್ತು ಪುಟಗಳನ್ನು ನೋಡದೆ ಬೆರಳಿನಿಂದ ಎಣಿಸಿ, ದಾರ ಸುತ್ತಿ, ಆಫೀಸಿನ ಅರಗು ಕರಗಿಸಿ ಮುದ್ರೆ ಒತ್ತಿದೆ. ಇನ್ನು ಯಾರು ತೆರೆಯುತ್ತಾರೋ ನೋಡೋಣ ಅಂತ ಮೇಜಿನ ಮೇಲಿಟ್ಟು ಊಟಕ್ಕೆ ಹೋದೆ.

ವಾಪಸ್ ಬಂದಾಗ ಪುಸ್ತಕ ಇರಲಿಲ್ಲ. ಗುಮಾಸ್ತ ಮುದ್ರೆ ನೋಡಿ, ಇದು ಚೇಳೂರು ಕಡೆಯ ಒಂದು ತಕರಾರಿನ ದಾಖಲೆ ಅಂತ ತಿಳಿದು, ಟ್ಯಾಗ್ ಕಟ್ಟಿ ರೆಕಾರ್ಡ್ ರೂಮಿಗೆ ಕಳಿಸಿದ್ದ. ಒಳಗೆ ಹೋದದ್ದು ಅರ್ಜಿ ಇಲ್ಲದೆ ಹೊರಗೆ ಬರುವುದಿಲ್ಲ. ಅರ್ಜಿ ಹಾಕಿದೆ. ಸದರಿ ಜಮೀನಿಗೂ ಅರ್ಜಿದಾರರಿಗೂ ಇರುವ ಸಂಬಂಧ ಅನ್ನುವ ಜಾಗದಲ್ಲಿ ಏನು ಬರೆಯುವುದು ಅಂತ ತಿಳಿಯದೆ, ಸಂಬಂಧ ಇಲ್ಲ ಅಂತ ಬರೆದೆ. ಸಂಬಂಧ ಇಲ್ಲದವರಿಗೆ ಕೊಡಲು ಬರುವುದಿಲ್ಲ ಅಂತ ಅರ್ಜಿ ವಾಪಸ್ ಬಂತು. ಎರಡನೇ ಸಲ, ವಾರಸುದಾರ ಅಂತ ಬರೆದೆ.

ರೆಕಾರ್ಡ್ ರೂಮಿನ ಮೇಡಂ ನಿಯಮ ಬಿಟ್ಟು ಒಂದು ಹೆಜ್ಜೆ ಇಡುವವರಲ್ಲ. ಮುದ್ರೆ ಇರುವ ದಾಖಲೆಯನ್ನು ಒಡೆದು, ಪುಟ ಪುಟದ ವಿವರ ಬರೆದೇ ಕೊಡಬೇಕು. ನಾನು ಬೇಡ ಬೇಡ ಅನ್ನುತ್ತಿದ್ದಂತೆ ಅರಗು ಒಡೆದು, ಎಡಗಡೆಯಿಂದ ತೆರೆದು, ಗಟ್ಟಿಯಾಗಿ ಓದಿಕೊಳ್ಳುತ್ತ ರಿಜಿಸ್ಟರಿನಲ್ಲಿ ಬರೆದರು. "ಪುಟ ಒಂದು. ಎಂಟು ಜನ ಕೆಸರಿನಲ್ಲಿ ಬಿದ್ದಿರುತ್ತಾರೆ. ಪೋಸ್ಟ್‌ಮನ್ ಅಳುತ್ತಿರುತ್ತಾನೆ."

ಅದರ ಕೆಳಗೆ, ಓದಿ ನೋಡಿದೆ, ಸರಿಯಾಗಿದೆ ಅಂತ ನನ್ನ ಕೈಯಲ್ಲಿ ಸಹಿ ಹಾಕಿಸಿಕೊಂಡರು.

ಕಡಬದ ಗುಂಡಿ

ಉಳಿದದ್ದು ಇಪ್ಪತ್ತನೇ ಭಾಗ. ಕಡೆಯದ್ದು. ಇದನ್ನೂ ಯಾರಾದರೂ ಹೇಳಿಬಿಟ್ಟರೆ ನನಗೆ ಕಾಯಲು ಇನ್ನೇನೂ ಇರುವುದಿಲ್ಲ ಅಂತ ನಿಜವಾಗಿ ಹೆದರಿದ್ದೆ. ಕೊರಿಯರ್ ಆಫೀಸಿಗೆ ನಾನೇ ಹೋಗಿ ತೆಗೆದುಕೊಂಡೆ, ಯಾರಿಗೂ ತೋರಿಸಲಿಲ್ಲ. ಚೀಲದಲ್ಲಿ ಟೇಪಿನ ಕೆಳಗೆ ಬಚ್ಚಿಟ್ಟು ಕಡಬದ ಕಡೆ ಒಂದು ತೆಂಗಿನ ತೋಟಕ್ಕೆ ಹೋದೆ.

ಅಲ್ಲಿ ಇಬ್ಬರು ಅಣ್ಣತಮ್ಮಂದಿರು. ಮಾತು ಬಿಟ್ಟು ಹನ್ನೊಂದು ವರ್ಷ. ಏನಿದ್ದರೂ ಅವನಿಗೆ ಹೇಳಿ ಸಾರ್ ಅಂತ ನನ್ನ ಮುಖಾಂತರವೇ. ಅವರ ನಡುವೆ ಒಂದು ಗಡಿ ಕಲ್ಲು ನೆಡಲು ನಾನು ಬರುತ್ತಿದ್ದದ್ದು ಅದು ಆರನೇ ಸಲ. ಪ್ರತಿ ಸಲವೂ ಅಳತೆ ಆಗುತ್ತದೆ, ನನ್ನ ಜೊತೆಯ ಬಾಂದು ಜವಾನ ಗುಂಡಿ ತೋಡುತ್ತಾನೆ, ಕಲ್ಲು ಇಳಿಸಬೇಕು ಅನ್ನುವಾಗ ಅಣ್ಣ ಹೋಗಿ ಗುಂಡಿಯೊಳಗೆ ಕೂರುತ್ತಾನೆ. ಈ ಸಲವೂ ಕೂತ. ಅವನು ಎದ್ದ ಮೇಲೆ ನೋಡೋಣ ಅಂತ ನಾನು ತೆಂಗಿನ ಮರದ ಬುಡದಲ್ಲಿ ಪುಸ್ತಕ ತೆರೆದೆ.

ಕಡೆಯ ಪಂದ್ಯ ಶುರುವಾಗಿತ್ತು. ಇನ್ನು ನಲವತ್ತು ಪುಟ. ಅಷ್ಟರಲ್ಲಿ ಜವಾನ ಗೂಟ ಸರಿಯಿದೆಯಾ ನೋಡಿ ಅಂತ ಕರೆದ. ಎದ್ದು ಹೋಗಿ ಬರುವಷ್ಟರಲ್ಲಿ ತಮ್ಮ ನನ್ನ ಪುಸ್ತಕ ಕೈಗೆತ್ತಿಕೊಂಡು, ಎಡಗಡೆಯಿಂದ ತೆರೆದು ನೋಡುತ್ತಿದ್ದ. ಓಡಿದೆ. ಮುರಿದು ಕೂಡಿದ ಕಾಲು, ಎಷ್ಟು ಓಡೀತು.

"ಹಗ್ಗ ಎಳೀತಾವ್ರೆ ಸಾರ್" ಅಂದ. "ಈ ಕಡೆಯೋರು ಗೆದ್ದವ್ರೆ."

ನಾನು ಕಿವಿ ಮುಚ್ಚಿಕೊಂಡು ಅಲ್ಲೇ ಕೂತೆ. ಆದರೂ ಗುಂಡಿಯೊಳಗಿಂದ ಅಣ್ಣನ ದನಿ ಕೇಳಿಸಿತು. "ಎಲ್ಲಿ, ತೋರ್ಸು."

ಹನ್ನೊಂದು ವರ್ಷದಲ್ಲಿ ಅವನು ತಮ್ಮನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಗುಂಡಿಯಿಂದ ಮೇಲೆ ಬಂದು ಪುಸ್ತಕ ನೋಡಿದ. "ಏನ್ಲಾ, ಕಣ್ಣು ಕಾಣಕಿಲ್ವಾ? ಹಗ್ಗಕ್ಕೆ ಕಟ್ಟಿರೋ ಬಟ್ಟೆ ಆ ಕಡೆ ಐತೆ. ಅವ್ರು ಗೆದ್ದವ್ರೆ."

ಇವನು ಈ ಕಡೆ ಅಂದ, ಅವನು ಆ ಕಡೆ ಅಂದ. ಇಬ್ಬರ ಸಾಕ್ಷಿಯೂ ಬೇರೆ ಬೇರೆ ಆಗಿದ್ದರಿಂದ ನನಗೆ ಏನೂ ಗೊತ್ತಾಗಲಿಲ್ಲ. ಸರ್ವೆಯರ್ ಆಗಿ ಇಷ್ಟು ವರ್ಷಕ್ಕೆ ತಕರಾರಿನಿಂದ ನನಗೆ ಒಳ್ಳೆಯದಾದದ್ದು ಅದೇ ಮೊದಲು. ಕೊನೆಗೆ ಇಬ್ಬರೂ ನನ್ನ ಮುಂದೆ ಬಂದು, ನೀವೇ ಅಳೆದು ಹೇಳಿ ಅಂದರು. ನಾನಿನ್ನೂ ಆ ಪುಟಕ್ಕೆ ಬಂದಿಲ್ಲ, ನಲವತ್ತು ಪುಟ ಬಾಕಿ ಇದೆ, ನಾನು ಅಲ್ಲಿಗೆ ತಲುಪುವವರೆಗೆ ಯಾರೂ ಉಸಿರೆತ್ತಬಾರದು ಅಂದೆ.

"ಓದಿ ಸಾರ್, ಕಾಯ್ತೀವಿ" ಅಂದ ಅಣ್ಣ. ಇಬ್ಬರೂ ಒಂದೇ ಬದುವಿನ ಮೇಲೆ ಕೂತರು.

ಆ ಮುಕ್ಕಾಲು ಗಂಟೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಎಳನೀರು ಕೆತ್ತಿ ಕೊಟ್ಟರು. ತಮ್ಮನ ಫೋನ್ ಬಂದರೆ ಅಣ್ಣ ಅವನಿಗೆ ಆಫ್ ಮಾಡು ಅಂದ. ಒಂದೊಂದೇ ಪುಟ ಮಗುಚಿ, ಯಾರೂ ಏನೂ ಹೇಳದೆ, ಕೊನೇ ಪುಟಕ್ಕೆ ನಾನೇ ತಲುಪಿದೆ. ಎರಡು ತಂಡ, ನಡುವೆ ಬಿಗಿದ ಹಗ್ಗ. ಪೋಸ್ಟ್‌ಮನ್ ಕಣ್ಣು ಮುಚ್ಚಿದ್ದಾನೆ. ಬಟ್ಟೆಯ ಗುರುತು ಗೆರೆಯ ಮೇಲೇ ಇದೆ. ಒಂದು ಮಾತೂ ಬರೆದಿಲ್ಲ. ಗೆದ್ದಿಲ್ಲ, ಆದರೆ ಸೋತೂ ಇಲ್ಲ, ಇನ್ನೂ ಎಳೆಯುತ್ತಲೇ ಇದ್ದಾರೆ. ಕಣ್ಣು ಒದ್ದೆಯಾಯಿತು. ನನಗೆ ಅಷ್ಟು ಸಾಕಾಗಿತ್ತು.

ಅವರಿಬ್ಬರಿಗೆ ಸಾಕಾಗಲಿಲ್ಲ. ಸ್ಕೇಲು ಇಟ್ಟು ಅಳೆದು, ಎರಡು ಕಡೆಯೂ ಸಮ ಅಂದೆ. ಅಣ್ಣ ಸ್ಕೇಲು ಸರಿಯಿಲ್ಲ ಅಂದ. ತಮ್ಮ, ಪುಸ್ತಕ ತೆರೆದ ಕೂಡಲೇ ಸಿಗುವುದು ಮೊದಲ ಪುಟ, ಹಾಗಾದರೆ ಆಟ ಇನ್ನೂ ಶುರುವೇ ಆಗಿಲ್ಲ ಅಂದ. ಕೊನೇ ಪುಟ ಅಂತ ಸಾರೇ ಹೇಳವ್ರೆ ಅಂತ ಅಣ್ಣ ಅವನ ಮೇಲೆ ರೇಗಿದ. ಇಬ್ಬರೂ ತಲೆಗೆ ತಲೆ ತಾಗಿಸಿ ಪುಟದ ಮೇಲೆ ಬಗ್ಗಿದ್ದರು.

ಆಗ ಜವಾನ ಮೆಲ್ಲಗೆ ನನ್ನ ಭುಜ ಮುಟ್ಟಿದ. ತಿರುಗಿ ನೋಡಿದರೆ ಗುಂಡಿ ಇರಲಿಲ್ಲ. ನಾನು ಓದುತ್ತಿದ್ದಾಗ ಅವನು ಕಲ್ಲು ನೆಟ್ಟು, ಮಣ್ಣು ತುಂಬಿ, ಗುದ್ದಿ, ಕೈ ಕೂಡ ತೊಳೆದುಕೊಂಡು ಬಂದಿದ್ದ. ನಾನು ಉಸಿರು ಬಿಗಿಹಿಡಿದು ಮಹಜರು ತೆಗೆದು, ಕಲ್ಲು ನೆಟ್ಟಾಗಿದೆ ಅಂತ ಓದಿ ಹೇಳಿ, ಇಬ್ಬರ ಮುಂದೆ ಹಿಡಿದೆ. ಕಲ್ಲನ್ನು ಒಂದು ಸಲ ನೋಡಿ, ಜಗಳ ನಿಲ್ಲಿಸದೆಯೇ ಇಬ್ಬರೂ ಸಹಿ ಹಾಕಿದರು. ಇಪ್ಪತ್ತಾರು ವರ್ಷದಲ್ಲಿ ನನ್ನ ಕಣ್ಣೆದುರು ಮುಗಿದ ಮೊದಲ ಕೆಲಸ.

ಚೀಲ ಎತ್ತಿಕೊಂಡು ರಸ್ತೆಗೆ ಬಂದಿದ್ದೆ. ಹಿಂದಿನಿಂದ ಇಬ್ಬರೂ ಒಟ್ಟಿಗೆ ಓಡಿ ಬಂದರು. ಅಣ್ಣ ಏದುಸಿರು ಬಿಡುತ್ತ ಕೇಳಿದ.

"ಸಾರ್, ಕಲ್ಲಿನ ಇಚಾರ ಬುಡಿ, ಅದು ಮುಗೀತು. ಆ ಪುಟದ್ದು ಅಪೀಲು ಎಲ್ಲಿ ಹಾಕ್ಬೇಕು?"